ಇಬ್ಬರು ಬಸಲಿಂಗವ್ವರ ಹಿಸ್ಸೆ

ಅವ್ವನ ಹೃದಯದ ಕವಾಟ ಬದಲಿಸಲು ಶಸ್ತ್ರಯಂತ್ರ ಒಪ್ಪಲಿಲ್ಲ. ಯಾಕೆಂದು ಕೇಳಿದರೆ, ಬದಲಿಸಿ ನಾಲ್ಕು ವರ್ಷವಾಯಿತಲ್ಲ ಎಂದು ಉತ್ತರ ಕೊಟ್ಟಿತು.

ಅವ್ವ ಮಂಚದ ಮೇಲೆ ಒರಗಿಕೊಂಡೇ ಯಂತ್ರವನ್ನು ಕೆಕ್ಕರಿಸಿ ನೋಡಿದಳು. ಉಸಿರು ಸಾಲದಿದ್ದರೂ ಅವಳ ಬಾಯಿಗೆ ಬರವಿಲ್ಲ. "ನನ್ನ ಎದಿ ಕೊಯ್ದಿದ್ದು ನನಗ ಗೊತ್ತಾಗ್ಲಿಲ್ಲೇನು? ಹೊಲಿಗಿ ಎಲ್ಲೈತಿ ತೋರಿಸು ಅಂತ ಹೇಳ್ರಿ ಅದಕ್ಕ."

ಡಾಕ್ಟರ್ ಹೆಗ್ಗೇರಿಯವರು ಅವಳ ಎದೆಯ ಹೊಸ ಚಿತ್ರ ತೆಗೆದು ಯಂತ್ರಕ್ಕೆ ಕೊಟ್ಟರು. ಕವಾಟ ಹುಟ್ಟಿದಾಗಿನದೇ ಇದೆ, ಕೀಲು ಸಡಿಲಾದ ಬಾಗಿಲಿನ ಹಾಗೆ ಬಡಿದುಕೊಳ್ಳುತ್ತಿದೆ ಎಂದು ನನ್ನಂಥವಳಿಗೂ ಕಾಣುತ್ತಿತ್ತು. ಯಂತ್ರ ಚಿತ್ರವನ್ನು ನೋಡಿತು, ಎಲ್ಲರ ದಾಖಲೆಗಳಿರುವ ಜನಕೋಶವನ್ನು ನೋಡಿತು, ಆಮೇಲೆ ಚಿತ್ರದಲ್ಲಿ ದೋಷವಿದೆ, ಕ್ಯಾಮೆರಾ ಒರೆಸಿ ಎಂದಿತು. ಒರೆಸಿ ಇನ್ನೊಮ್ಮೆ ತೆಗೆದರು. ಮತ್ತೆ ಒರೆಸಿ ಎಂದಿತು.

"ನಿಮ್ಮ ಕೈಯಿಂದನ ಮಾಡಾಕ ಬರಂಗಿಲ್ಲೇನ್ರಿ, ಡಾಕ್ಟರ್?" ಎಂದು ಕೇಳಿದೆ.

ಅವರು ತಮ್ಮ ಕೈಗಳನ್ನು ಒಮ್ಮೆ ನೋಡಿಕೊಂಡರು. "ಕೈಯಿಂದ ಎದಿ ತೆರೆದವರು ಈ ಜಿಲ್ಲಾದಾಗ ಯಾರೂ ಉಳದಿಲ್ಲ. ನಾವು ಕಲ್ತಿದ್ದು ಯಂತ್ರಕ್ಕ ಹೇಳೋದನ್ನ. ಅದು ಒಲ್ಲೆ ಅಂದ್ರ ಮುಗೀತು. ಇವರ ಪುಪ್ಪುಸದಾಗ ನೀರ ತುಂಬಾಕತ್ತೈತಿ. ಈ ವಾರ ದಾಟಿದ್ರ ಆಮ್ಯಾಲೆ ಯಂತ್ರ ಹೂಂ ಅಂದ್ರೂ ಉಪಯೋಗಿಲ್ಲ."

ನಾಲ್ಕು ವರ್ಷದ ಹಿಂದೆ ಹಾವೇರಿಯ ಇದೇ ಆಸ್ಪತ್ರೆಯಲ್ಲಿ ಕವಾಟ ಹಾಕಿಸಿಕೊಂಡವಳು ಯಾರೆಂದು ನನಗೆ ತಕ್ಷಣ ಹೊಳೆಯಿತು. ಆಗ ಅವ್ವನಿಗೆ ಹೇಳದೆ ಕದ್ದು ಬಂದು ಅವಳ ಮಂಚದ ಪಕ್ಕ ಕೂತಿದ್ದವಳು ನಾನೇ. ಅವಳು ನನ್ನ ದೊಡ್ಡವ್ವ, ಅಪ್ಪನ ಅಣ್ಣನ ಹೆಂಡತಿ. ಅವ್ವನ ಹೆಸರು ಬಸಲಿಂಗವ್ವ ಮೋಟೆಬೆನ್ನೂರ. ದೊಡ್ಡವ್ವನ ಹೆಸರೂ ಬಸಲಿಂಗವ್ವ ಮೋಟೆಬೆನ್ನೂರ. ಜನಕೋಶ ಇಬ್ಬರನ್ನೂ ಕೂಡಿಸಿ ಒಬ್ಬಳನ್ನಾಗಿ ಮಾಡಿಬಿಟ್ಟಿತ್ತು.

ನಾನು ಕೆಲಸ ಮಾಡುವುದು ಆ ಜನಕೋಶದಲ್ಲಿಯೇ. ಹೀಗೆಂದ ಕೂಡಲೇ ಜನ, ಅವರ ಹೆಸರನ್ನು ನಾನೇ ತಪ್ಪಾಗಿ ಬರೆದಿದ್ದೇನೆ ಎಂಬಂತೆ ನನ್ನನ್ನು ನೋಡುತ್ತಾರೆ. ನಾನು ಯಾರ ಹೆಸರನ್ನೂ ಬರೆಯುವುದಿಲ್ಲ. ಕೋಶ ಬಿಸಿಯಾಗದಂತೆ, ನಿಲ್ಲದಂತೆ, ಕೇಳಿದವರಿಗೆ ಕೇಳಿದ್ದನ್ನು ಬೇಗ ಕೊಡುವಂತೆ ನೋಡಿಕೊಳ್ಳುತ್ತೇನೆ. ಬರೆಯುವ ಕೆಲಸ ಅದರದೇ.

ಹಿಂದಿನ ಡೇಟಾಬೇಸುಗಳಲ್ಲಿ ಪ್ರತಿ ಮನುಷ್ಯನಿಗೂ ಒಂದು ಸಾಲು, ಪ್ರತಿ ಸಾಲಿಗೂ ಒಂದು ಸಂಖ್ಯೆ ಇರುತ್ತಿತ್ತಂತೆ. ಪಡಿತರದವರದು ಒಂದು ಸಂಖ್ಯೆ, ಆಸ್ಪತ್ರೆಯವರದು ಒಂದು, ಬ್ಯಾಂಕಿನವರದು ಇನ್ನೊಂದು. ಒಬ್ಬನೇ ಮನುಷ್ಯ ಹತ್ತು ಕಡೆ ಹತ್ತು ಥರ ಇರುತ್ತಿದ್ದ. ಇದರಿಂದ ಬೇಸತ್ತವರು ಜನಕೋಶ ಕಟ್ಟಿದರು. ಇದರಲ್ಲಿ ಸಂಖ್ಯೆಯೇ ಇಲ್ಲ. ಹೆಸರು, ಊರು, ಮನೆ, ಓದು, ಉದ್ಯೋಗ, ರೋಗ ಎಲ್ಲವನ್ನೂ ಒಟ್ಟಿಗೆ ನೋಡಿ ಇಂಥವರು ಎಂದು ಅದು ಗುರುತಿಸುತ್ತದೆ. ಎರಡು ದಾಖಲೆಗಳು ಒಬ್ಬರದೇ ಎಂದು ಅನಿಸಿದರೆ ತಾನೇ ಕೂಡಿಸುತ್ತದೆ. ಹಳೆಯ ಪ್ರತಿ ಇಟ್ಟುಕೊಳ್ಳುವುದಿಲ್ಲ. ಎರಡೂ ಕರಗಿ ದಾಖಲೆ ಇಡುವ ಒಂದೇ ಹರಳಿನಲ್ಲಿ ಸೇರಿಬಿಡುತ್ತವೆ, ಜಾಗ ಉಳಿಯಲಿ ಎಂದು.

ಕಟ್ಟಿದವರು ಬುದ್ಧಿವಂತರೇ. ಆದರೆ ನಮ್ಮ ಕಡೆಯ ಪದ್ಧತಿಗಳು ಅವರಿಗೆ ತಿಳಿದಿರಲಿಲ್ಲ. ನಮ್ಮಲ್ಲಿ ಸತ್ತ ಹಿರಿಯರ ಹೆಸರನ್ನು ಮೊಮ್ಮಕ್ಕಳಿಗೆ ಇಡುತ್ತಾರೆ. ಅವ್ವ ಮತ್ತು ದೊಡ್ಡವ್ವನ ಅಜ್ಜಿ ಬಸಲಿಂಗವ್ವ ತೀರಿಕೊಂಡಾಗ ಅವಳ ಇಬ್ಬರು ಗಂಡುಮಕ್ಕಳೂ ತಮ್ಮ ತಮ್ಮ ಮಗಳಿಗೆ ಅದೇ ಹೆಸರಿಟ್ಟರು. ಮನೆಯಲ್ಲಿ ದೊಡ್ಡ ಬಸಲಿಂಗಿ, ಸಣ್ಣ ಬಸಲಿಂಗಿ ಎಂದರೆ ಸಾಕಾಗುತ್ತಿತ್ತು. ಇಬ್ಬರನ್ನೂ ಒಂದೇ ದಿನ ಅಜ್ಜ ಶಾಲೆಗೆ ಕರೆದುಕೊಂಡು ಹೋದ. ಹುಟ್ಟಿದ ದಿನ ಅವನಿಗೆ ಗೊತ್ತಿಲ್ಲ. ಗೊತ್ತಿಲ್ಲದವರಿಗೆಲ್ಲ ಮಾಸ್ತರರು ಜೂನ್ ಒಂದು ಎಂದು ಬರೆಯುತ್ತಿದ್ದ ಕಾಲ ಅದು. ಇಬ್ಬರಿಗೂ ಅದೇ ಬರೆದರು, ಪಾಲಕರ ಜಾಗದಲ್ಲಿ ಅಜ್ಜನ ಹೆಸರು ಹಾಕಿದರು. ಮುಂದೆ ಇಬ್ಬರನ್ನೂ ಬ್ಯಾಡಗಿಯ ಒಂದೇ ಮನೆಯ ಅಣ್ಣತಮ್ಮಂದಿರಿಗೆ ಕೊಟ್ಟರು. ಇಬ್ಬರೂ ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುವ ಕೆಲಸ ಮಾಡಿದರು. ಆ ಖಾರದಲ್ಲಿ ವರ್ಷಗಟ್ಟಲೆ ಆಡಿದ ಬೆರಳಿನ ಗೆರೆಗಳನ್ನು ಯಾವ ಯಂತ್ರವೂ ಓದಲಾರದು. ಮುಖವೂ ಇಬ್ಬರದೂ ಅಜ್ಜಿಯದೇ ಅಚ್ಚು. ಈಗ ಇಬ್ಬರೂ ವಿಧವೆಯರು. ಮೊನ್ನೆ ಅವ್ವನಿಗೂ ದೊಡ್ಡವ್ವನದೇ ಕಾಯಿಲೆ ಎಂದು ದಾಖಲಾದದ್ದೇ ತಡ, ಕೋಶಕ್ಕೆ ಬೇಕಾಗಿದ್ದ ಕೊನೆಯ ಸಾಕ್ಷಿಯೂ ಸಿಕ್ಕಿತು. ಗಂಡಂದಿರ ಹೆಸರು, ಮನೆಯ ಓಣಿ ಮಾತ್ರ ಬೇರೆ ಬೇರೆ. ಅದು ಯಾರೋ ಗುಮಾಸ್ತರ ಕೈತಪ್ಪು ಎಂದು ಕೋಶ ತೀರ್ಮಾನಿಸಿತು.

ನಾನು ಆಸ್ಪತ್ರೆಯಿಂದ ನೇರವಾಗಿ ಕಚೇರಿಗೆ ಹೋಗಿ ನಮ್ಮ ಮೇಲಧಿಕಾರಿ ರೌಫ್ ಸವಣೂರ ಅವರ ಮುಂದೆ ಕೂತೆ. ನಿಯಂತ್ರಣ ಕೊಠಡಿಯಲ್ಲಿ ತಂಪು ಜಾಸ್ತಿ ಎಂದು ಅವರು ಸದಾ ಮಫ್ಲರ್ ಸುತ್ತಿಕೊಂಡಿರುತ್ತಾರೆ. ಎಲ್ಲವನ್ನೂ ಕೇಳಿ ಮಫ್ಲರ್ ಬಿಚ್ಚಿ ಮೇಜಿನ ಮೇಲಿಟ್ಟರು.

"ಕೂಡಿದ್ದನ್ನ ಬಿಡಿಸಾಕ ನಮ್ಮ ಕಡೆ ಗುಂಡಿ ಇಲ್ಲ, ಕಸ್ತೂರಿ. ಅದು ನಿಮಗೂ ಗೊತ್ತೈತಿ."

"ರಕ್ತ ತಗದು ತೋರಿಸೂಣ್ರಿ ಸರ್. ಇಬ್ಬರೂ ಬ್ಯಾರೆ ಅಂತ ಸಣ್ಣ ಹುಡುಗೂರಿಗೂ ತಿಳೀತೈತಿ."

"ಇಬ್ಬರ ರಕ್ತ ಪರೀಕ್ಷಾಕ್ಕ ಕಳಸಬೇಕಂದ್ರ ಇಬ್ಬರ ದಾಖಲೆ ಬೇಕು. ಒಂದ ದಾಖಲೆ ಮ್ಯಾಲೆ ಎರಡನೇ ರಕ್ತ ಹೋದ್ರ, ಹೆಚ್ಚಾತು ಅಂತ ಚೆಲ್ಲತಾರ."

ನಗು ಬರಬೇಕಾದ ಮಾತು, ಬರಲಿಲ್ಲ. ಕೋಶದ ಮೂಲ ನಿಯಮಗಳನ್ನು ಪರದೆಯ ಮೇಲೆ ತೆಗೆದು ಒಂದೊಂದಾಗಿ ಓದುತ್ತಾ ಹೋದೆ. ನಿಯಮ ಎಂದಮೇಲೆ ಅದನ್ನು ಬರೆದವರು ಯಾವುದಾದರೂ ಒಂದಕ್ಕೆ ಹೆದರಿರಲೇಬೇಕು. ಅವರು ಯಾವುದಕ್ಕೆ ಹೆದರಿದ್ದರು ಎಂದು ಹುಡುಕುತ್ತಿದ್ದೆ. ಮಧ್ಯಾಹ್ನದ ಊಟ ಬಿಟ್ಟು ಹುಡುಕಿದ್ದಕ್ಕೆ ಸಿಕ್ಕಿತು. ಒಂದು ದೇಹ ಒಂದೇ ಗಳಿಗೆಯಲ್ಲಿ ಎರಡು ಜಾಗದಲ್ಲಿ ಇರಲಾರದು. ಹಾಗೆ ಕಂಡುಬಂದರೆ ಕೋಶ ಎಲ್ಲ ಕೆಲಸ ಬಿಟ್ಟು ಆ ದಾಖಲೆಯನ್ನು ತೆರೆದಿಟ್ಟು, ಇದನ್ನು ಪಾಲು ಮಾಡಿಕೊಳ್ಳಿ ಎನ್ನಬೇಕು.

ಸವಣೂರ ಸರ್ ಕನ್ನಡಕ ಏರಿಸಿಕೊಂಡು ಓದಿದರು. "ಹಿಸ್ಸೆ ಇದು. ನಮ್ಮ ಮಂದಿ ಹೊಲಾ ಮನಿ ಹಂಚಿಕೊಂಡಂಗ." ನಂತರ ಕೆಳಗಿನ ಸಾಲುಗಳನ್ನು ಬೆರಳಿಟ್ಟು ತೋರಿಸಿದರು. ಇದು ನಂದು ಎಂದು ಯಾರು ಹೇಳಿದರೂ ಕೋಶ ಕೇಳುವುದಿಲ್ಲ, ಯಾಕೆಂದರೆ ಎಲ್ಲರೂ ಹಾಗೆಯೇ ಹೇಳುತ್ತಾರೆ. ಇದು ನಂದಲ್ಲ ಎಂದರೆ ಮಾತ್ರ ಕೇಳುತ್ತದೆ. ಬಿಟ್ಟುಕೊಟ್ಟದ್ದು ಇನ್ನೊಬ್ಬರಿಗೆ ಹೋಗುತ್ತದೆ, ಯಾವ ಕೋರ್ಟು, ಯಾವ ಪರೀಕ್ಷೆಯಿಂದಲೂ ಮರಳಿ ಬರುವುದಿಲ್ಲ. ಇನ್ನೂ ಒಂದು ಇತ್ತು. ದಾಖಲೆಯಲ್ಲಿನ ಒಂದೇ ಒಂದು ಕಲಮು ಹಂಚಿಕೆಯಾಗದೆ ಉಳಿದರೂ ಇಡೀ ಹಿಸ್ಸೆ ರದ್ದು, ಏನೂ ನಡೆದೇ ಇಲ್ಲವೆಂಬಂತೆ. ಡೇಟಾಬೇಸಿನವರಿಗೆ ಇದು ಹೊಸದಲ್ಲ. ಆದರೆ ಎಲ್ಲ ಆಗಬೇಕು, ಇಲ್ಲದಿದ್ದರೆ ಏನೂ ಆಗಬಾರದು ಎಂಬ ಈ ಹಳೆಯ ಶಿಸ್ತನ್ನು ನಾನು ಮೊದಲ ಸಲ ಭಯದಿಂದ ಓದಿದೆ.

"ಒಂದ ಅವಕಾಶ," ಎಂದರು ಸರ್. "ಎರಡನೇ ಸಲ ಇಬ್ಬರನ್ನ ನಿಲ್ಲಿಸಿದ್ರ ಕೌಂಟರ್ ಕೆಟ್ಟೈತಿ ಅಂತದ ಅದು. ನಿಮ್ಮ ಮನಿಯವರ ದಾಖಲೆ ನೀವು ಮುಟ್ಟೂಹಂಗಿಲ್ಲ. ಗುಂಡಿ ನಾ ಒತ್ತತೀನಿ, ನೀವು ಓದ್ರಿ. ನಿಮ್ಮ ದೊಡ್ಡವ್ವ ಬರತಾರೇನು?"

ಅದೇ ಕಷ್ಟದ ಪ್ರಶ್ನೆಯಾಗಿತ್ತು.

ದೊಡ್ಡವ್ವನಿಗೆ ಮಕ್ಕಳಾಗಲಿಲ್ಲ. ನಾನು ಹುಟ್ಟಿದಾಗ ಅಪ್ಪನ ಅವ್ವ ನನ್ನನ್ನು ಎತ್ತಿ ದೊಡ್ಡವ್ವನ ಉಡಿಯಲ್ಲಿ ಹಾಕಿದಳು. ಒಂದೇ ಮನೆಯೊಳಗಿನ ಕೊಡುಕೊಳ್ಳುವಿಕೆಗೆ ಯಾರೂ ಕಾಗದ ಮಾಡುವುದಿಲ್ಲ. ನಾನು ಮಲಗಿದ್ದು, ಉಂಡಿದ್ದು, ಜ್ವರ ಬಂದಾಗ ತೊಡೆ ಹುಡುಕಿದ್ದು ಎಲ್ಲ ಅವಳ ಹತ್ತಿರವೇ. ನಾನು ಶಾಲೆಯಲ್ಲಿ ಐದನೇ ಇಯತ್ತೆ ಮುಗಿಸುವ ಹೊತ್ತಿಗೆ ಮನೆ ಪಾಲಾಯಿತು. ಅವ್ವನಿಗೆ ಬೇರೆ ಮಕ್ಕಳಾಗಲಿಲ್ಲ. ಪಾಲಿನ ದಿನ ಪಾತ್ರೆ ಪಡಗಗಳ ಜೊತೆಗೆ ನನ್ನ ಕೈಯನ್ನೂ ಹಿಡಿದು ಅವ್ವ ಎರಡು ಓಣಿಯಾಚೆ ನಡೆದಳು. ಅಂದಿನಿಂದ ಇಬ್ಬರ ನಡುವೆ ಮಾತಿಲ್ಲ. ನಾನು ಅವ್ವನನ್ನೂ ಪ್ರೀತಿಸಿದೆ, ದೊಡ್ಡವ್ವನನ್ನೂ ಪ್ರೀತಿಸಿದೆ, ಒಬ್ಬಳ ಮುಂದೆ ಇನ್ನೊಬ್ಬಳ ಹೆಸರೆತ್ತದೆ ಬದುಕುವುದನ್ನು ಕಲಿತೆ.

ನಾನು ಹೋದಾಗ ದೊಡ್ಡವ್ವ ರೊಟ್ಟಿ ತಟ್ಟುತ್ತಿದ್ದಳು. ಜನಕೋಶದ ಸುದ್ದಿ ಹೇಳುವ ಪೆಟ್ಟಿಗೆ ಗೋಡೆಯ ಮೇಲಿತ್ತು. ಎಲ್ಲರ ಮನೆಯಲ್ಲಿ ಅದರ ಮೇಲೆ ಧೂಳಿರುತ್ತದೆ. ಅವಳು ಅದನ್ನು ಒರೆಸಿ ಹೂವಿಟ್ಟಿದ್ದಳು.

"ಗೊತ್ತಾತೇನ ನಿನಗ?" ಎಂದಳು, ನಾನು ಕೂರುವ ಮೊದಲೇ. "ದಿನಾ ಮುಂಜಾನಿ ಹೇಳತೈತಿ. ನಿಮ್ಮ ಮಗಳು ಕಸ್ತೂರಿ ಕೆಲಸಕ್ಕ ಹಾಜರಾದ್ಲು, ನಿಮ್ಮ ಮಗಳು ಕಸ್ತೂರಿದು ಚಳಿಗಾಲದ ಚುಚ್ಚುಮದ್ದು ಬಾಕಿ ಐತಿ. ಹಾಕಿಸ್ಕೊಂಡೇನು?"

"ದೊಡ್ಡವ್ವಾ, ಅದು ತಪ್ಪಾಗಿ ಹೇಳಾಕತ್ತೈತಿ."

"ಏನ್ ತಪ್ಪಾಗೈತಿ? ಇಷ್ಟ ವರ್ಷ ಒಂದ ಮಾತರ ಖರೇ ಹೇಳಲಿಲ್ಲ ಈ ಸರಕಾರ. ಈಗ ಹೇಳತೈತಿ, ಹೇಳಲಿ ಬಿಡು."

ಅವ್ವನ ಸ್ಥಿತಿಯನ್ನು ವಿವರಿಸಿದೆ. ರೊಟ್ಟಿ ತಟ್ಟುವ ಕೈ ನಿಂತಿತು. ಹಂಚಿನ ಮೇಲಿದ್ದ ರೊಟ್ಟಿ ಸೀದುಹೋಗುವವರೆಗೂ ಅವಳು ಅದನ್ನು ತಿರುವಲಿಲ್ಲ. ಹಿಸ್ಸೆಯ ಮಾತು ಹೇಳಿದೆ. ಕವಾಟದ ಕಲಮು ಅವ್ವ ಬಿಡುತ್ತಾಳೆ, ಉಳಿದದ್ದೆಲ್ಲ ಒಬ್ಬರದನ್ನು ಇನ್ನೊಬ್ಬರು ಬಿಟ್ಟುಕೊಡಬೇಕು, ಮಗಳು ಎಂಬ ಕಲಮು ಕೂಡ ಅದರಲ್ಲಿ ಬರುತ್ತದೆ ಎಂದೆ. ಮಗುವಿನ ದಾಖಲೆಯಲ್ಲಿ ತಾಯಿಗೆ ಒಂದೇ ಜಾಗ.

"ಅಕಿ ಸಾಯಲಿ ಅನ್ನುವಷ್ಟು ಕೆಟ್ಟಾಕಿ ಅಲ್ಲ ನಾ," ಎಂದಳು ದೊಡ್ಡವ್ವ ಕೊನೆಗೆ. "ಬರತೀನಿ. ಮನಿ, ಪಿಂಚಣಿ, ಏನೈತಿ ಎಲ್ಲಾ ಬಿಡತೀನಿ. ನಿನ್ನ ಮಾತ್ರ ಬಿಡು ಅನಬ್ಯಾಡ. ಒಂದ ಸಲ ಬಿಟ್ಟು ನೋಡೀನಿ."

ಅವಳ ಮೇಲೆ ಸಿಟ್ಟು ಬರಬೇಕಾಗಿತ್ತು. ಬಂದದ್ದು ಅಳು. ಅದನ್ನು ನುಂಗಿಕೊಂಡು, ನಾಳೆ ಬೆಳಿಗ್ಗೆ ಗಾಡಿ ತರುತ್ತೇನೆ ಎಂದು ಹೇಳಿ ಎದ್ದೆ. ಅವಳು ಬಿಡದಿದ್ದರೆ ಅವ್ವ ಬಿಡಬೇಕು, ಅವ್ವ ಬಿಡದಿದ್ದರೆ ಅವ್ವ ಉಳಿಯುವುದಿಲ್ಲ. ಇಬ್ಬರ ಹಟವನ್ನೂ ನಾನು ಚಿಕ್ಕಂದಿನಿಂದ ಬಲ್ಲೆ. ಆದರೂ ಇಬ್ಬರನ್ನೂ ಒಂದು ಕೋಣೆಯಲ್ಲಿ ಕೂರಿಸಿಯೇ ತೀರುತ್ತೇನೆ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ.

ಮರುದಿನ ಆಸ್ಪತ್ರೆಯ ಹೆಬ್ಬಾಗಿಲಿನ ಕೌಂಟರಿನಲ್ಲಿ ದೊಡ್ಡವ್ವನನ್ನು ನಿಲ್ಲಿಸಿದೆ. ಒಳಗೆ ವಾರ್ಡಿನ ಕೌಂಟರಿನ ಮುಂದೆ ಅವ್ವನನ್ನು ಗಾಲಿಕುರ್ಚಿಯಲ್ಲಿ ತಂದು ಕೂರಿಸಿದ್ದರು. ಅವ್ವನ ಪಕ್ಕದಲ್ಲಿದ್ದ ಸವಣೂರ ಸರ್ ಫೋನಿನಲ್ಲಿ ಹೂಂ ಎಂದ ಗಳಿಗೆಗೆ ಇಬ್ಬರೂ ತಮ್ಮ ಹೆಸರು ಹೇಳಿ ಹಾಜರಿ ಕೊಟ್ಟರು. ಆಸ್ಪತ್ರೆಯ ಪರದೆಗಳೆಲ್ಲ ಒಮ್ಮೆ ತಡವರಿಸಿದವು. ಆಮೇಲೆ ಸರ್ ತಂದಿದ್ದ ಪರದೆಯ ಮೇಲೆ ಸಾಲುಗಳು ತೆರೆದುಕೊಂಡವು. ಬಸಲಿಂಗವ್ವ ಮೋಟೆಬೆನ್ನೂರ, ಇಬ್ಬರು. ಸಂಜೆಯೊಳಗೆ ಪಾಲು ಮಾಡಿಕೊಳ್ಳಿ.

ದೊಡ್ಡವ್ವನನ್ನು ವಾರ್ಡಿಗೆ ಕರೆತಂದೆ. ಅವಳು ಮಂಚದ ಕಾಲಿನ ಕಡೆ ಕೂತಳು. ಅವ್ವ ಗೋಡೆ ನೋಡಿದಳು.

"ಅಕಿಗೆ ಹೇಳು," ಎಂದಳು ಅವ್ವ ನನಗೆ, "ಬಂದಿದ್ದಕ್ಕ ದೊಡ್ಡ ಉಪಕಾರ ಆತು ಅಂತ."

"ಅಕಿಗೆ ಹೇಳು, ಉಪಕಾರಕ್ಕ ಬಂದಿಲ್ಲ ಅಂತ."

ಹೀಗೆ ಹಿಸ್ಸೆ ಸುರುವಾಯಿತು. ನಾನು ಓದುತ್ತಿದ್ದೆ, ಇಬ್ಬರಲ್ಲಿ ಒಬ್ಬಳು ನಂದಲ್ಲ ಎನ್ನುತ್ತಿದ್ದಳು, ಸರ್ ಗುಂಡಿ ಒತ್ತುತ್ತಿದ್ದರು. ಮೊದಲ ಕಲಮೇ ಕವಾಟ. "ನಂದಲ್ಲ," ಎಂದಳು ಅವ್ವ. ಅದು ದೊಡ್ಡವ್ವನಿಗೆ ಹೋಯಿತು. ನೀರಿನ ನಳ, ಲಸಿಕೆ, ಗರ್ಭಕೋಶದ ಆಪರೇಶನ್ನು, ಮಾರುಕಟ್ಟೆಯ ಕೆಲಸದ ವರ್ಷಗಳು, ಪಕ್ಕದ ಮನೆಯವರ ಮೇಲೆ ಕೊಟ್ಟ ದೂರು ಎಲ್ಲವೂ ಬಂದವು. ದೂರನ್ನು ಇಬ್ಬರೂ ನಂದಲ್ಲ ಎಂದರು. ದೊಡ್ಡವ್ವ ಸ್ವಲ್ಪ ಯೋಚಿಸಿ, ಕೊಟ್ಟಿರಬೇಕು ಬಿಡು ಎಂದು ಒಪ್ಪಿಕೊಂಡಳು.

"ಶಾಲೆಯಲ್ಲಿ ಓಟದ ಸ್ಪರ್ಧೆ, ಮೊದಲನೇ ಬಹುಮಾನ," ಎಂದು ಓದಿದೆ.

"ಅಕಿದು," ಎಂದಳು ಅವ್ವ. "ನಾ ಎಡವಿ ಬಿದ್ದಿದ್ದೆ. ಮುಂದ ಓಡಾಕಿ ತಿರುಗಿ ಬಂದು ಎಬ್ಬಿಸಿ ಮತ್ತ ಓಡಿದ್ಲು. ಆದ್ರೂ ಮೊದಲ ಬಂದ್ಲು."

"ಉಳದ ಹುಡುಗ್ಯಾರೆಲ್ಲ ಆಮಿ ಇದ್ದಂಗ ಇದ್ರು," ಎಂದಳು ದೊಡ್ಡವ್ವ. ಈ ಸಲ ಅವಳು ನನಗೆ ಹೇಳಲಿಲ್ಲ, ನೇರವಾಗಿ ಅವ್ವನಿಗೇ ಹೇಳಿದಳು. ಅವ್ವ ನಕ್ಕಳು, ನಗು ಕೆಮ್ಮಾಯಿತು. ದೊಡ್ಡವ್ವ ಎದ್ದು ಬೆನ್ನು ಸವರಿದಳು. ಸವರಿದವಳು ತಿರುಗಿ ಹೋಗಿ ಮಂಚದ ಕಾಲಿನ ಕಡೆ ಕೂರಲಿಲ್ಲ, ಅಲ್ಲೇ ತಲೆದಿಂಬಿನ ಪಕ್ಕದಲ್ಲಿ ಜಾಗ ಮಾಡಿಕೊಂಡಳು.

ಮಧ್ಯಾಹ್ನ ಸರಿದು ಬಿಸಿಲು ಕಿಟಕಿ ಬಿಡುವ ಹೊತ್ತಿಗೆ ಒಂದೇ ಕಲಮು ಉಳಿಯಿತು. ಅದನ್ನು ಮುಂದೆ ಮುಂದೆ ಸರಿಸುತ್ತಾ ಬಂದವಳು ನಾನೇ. ಇನ್ನು ಸರಿಸಲು ಜಾಗವಿರಲಿಲ್ಲ. ಓದಿದೆ.

"ಸಂತಾನ. ಮಗಳು, ಒಬ್ಬಳು. ಕಸ್ತೂರಿ."

ಸವಣೂರ ಸರ್ ಮಫ್ಲರ್ ಸರಿಪಡಿಸಿಕೊಳ್ಳುವ ನೆಪದಲ್ಲಿ ತಲೆ ತಗ್ಗಿಸಿದರು.

ಇಷ್ಟು ಹೊತ್ತು ಚುರುಕಾಗಿದ್ದ ದೊಡ್ಡವ್ವನ ಮುಖ ಬಾಡಿತು. ಅವ್ವನ ಎದೆ ಏರಿಳಿಯುವುದನ್ನೇ ಅವಳು ನೋಡುತ್ತಿದ್ದಳು. ಬಿಡುವುದಿಲ್ಲ ಎಂದು ಬಂದವಳು ಕೊನೆಗೆ ಹೇಳಿದ್ದು ಬೇರೆ. "ಹಿಸ್ಸೆದಾಗ ಸಣ್ಣವರು ಮೊದಲ ಆರಿಸಬೇಕು. ಅದು ಪದ್ಧತಿ. ಅಕಿಗೆ ಕೇಳು."

ಹೌದು, ನಮ್ಮಲ್ಲಿ ದೊಡ್ಡವರು ಪಾಲು ಮಾಡಿಟ್ಟರೆ ಸಣ್ಣವರು ಮೊದಲು ಕೈ ಇಡುತ್ತಾರೆ. ಅವ್ವ ಯಾವುದರ ಮೇಲೆ ಕೈ ಇಡುತ್ತಾಳೆಂದು ದೊಡ್ಡವ್ವನಿಗೆ ಗೊತ್ತಿತ್ತು. ಗೊತ್ತಿದ್ದೇ ಸರದಿ ಬಿಟ್ಟುಕೊಟ್ಟಳು. ಅದನ್ನು ನೋಡುವುದು ನನಗೆ ಕಷ್ಟವಾಯಿತು.

"ಕಸ್ತೂರಿ ನಂದಲ್ಲ," ಎಂದಳು ಅವ್ವ. "ಅಕಿದು. ಬರಕೊಳ್ರಿ ಸಾಹೇಬ್ರ."

ಸರ್ ನನ್ನನ್ನು ನೋಡಿದರು. ನಾನು ಅವ್ವನನ್ನು ನೋಡಿದೆ.

"ನನ್ನ ಒಂದ ಮಾತ ಕೇಳವರು ಯಾರೂ ಇಲ್ಲೇನು ಇಲ್ಲಿ?" ಎಂದೆ. "ಇದು ಮರಳಿ ಬರಂಗಿಲ್ಲ ಅವ್ವಾ. ನಾಳೆ ನೀ ಆರಾಮ ಆದ್ರೂ ನಾ ನಿನಗ ಯಾರೂ ಅಲ್ಲ. ತಿಳಿದ ಹೇಳಾಕತ್ತಿಯೇನು?"

"ತಿಳೀಲಾರದಂಥಾದ್ದು ಏನೈತಿ ಅದರಾಗ." ಅವಳು ಉಸಿರು ತೆಗೆದುಕೊಳ್ಳಲು ನಿಂತು ನಿಂತು ಹೇಳಿದಳು. "ಮನಿ ಪಾಲಾದ ದಿನ ನಿನ್ನ ಕೈ ಹಿಡದು ಎಳಕೊಂಡು ಬಂದೆ. ಅಕಿ ಹೊಸ್ತಿಲದಾಗ ನಿಂತಿದ್ಲು. ಅವತ್ತ ಅಕಿಗೆ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ನನ್ನ ಕಡೆ ಕಾಗದ ಇತ್ತು, ಅಕಿ ಕಡೆ ಇರಲಿಲ್ಲ. ಈಗ ಅಕಿ ಕಡೆ ಇರಲಿ. ನಾ ಹಡದಾಕಿ, ನನಗ ಕಾಗದ ಯಾಕ ಬೇಕು? ನೀ ಬರೂದು ಬಿಡತೀಯೇನು ಕಾಗದ ಇಲ್ಲಂತ?"

ದೊಡ್ಡವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಬ್ಯಾಡ ಎನ್ನಲು ಅವಳ ತಲೆ ಅಲ್ಲಾಡುತ್ತಿತ್ತು. ಅವ್ವ ಅವಳ ಕೈ ಹಿಡಿದು ಗದರಿದಳು. "ಸುಮ್ಮನಿರ ಅಕ್ಕಾ. ಹೊತ್ತ ಹೋಗತೈತಿ."

ಇಬ್ಬರೂ ಬ್ಯಾಡ ಎಂದರೆ ಕಲಮು ಉಳಿಯುತ್ತದೆ, ಕಲಮು ಉಳಿದರೆ ಹಿಸ್ಸೆ ಮುರಿಯುತ್ತದೆ. ಆ ಕೋಣೆಯಲ್ಲಿ ಇದನ್ನು ಬಲ್ಲವರು ಸರ್ ಮತ್ತು ನಾನು ಇಬ್ಬರೇ. ದೊಡ್ಡವ್ವ ಬಾಯಿ ತೆರೆಯುವ ಮೊದಲು ನಾನೇ ಹೇಳಿದೆ. "ಒತ್ತರಿ, ಸರ್."

ಅವರು ಒತ್ತಿದರು. ಹಿಸ್ಸೆ ಪೂರ್ತಿಯಾಯಿತು ಎಂದು ಪರದೆ ಹೇಳಿತು. ಸ್ವಲ್ಪ ಹೊತ್ತಿನಲ್ಲೇ ಶಸ್ತ್ರಯಂತ್ರ, ರೋಗಿಯ ಕವಾಟ ಹಾಳಾಗಿದೆ, ಇಷ್ಟು ತಡ ಮಾಡಿದ್ದು ಯಾಕೆ ಎಂದು ಡಾಕ್ಟರ್ ಹೆಗ್ಗೇರಿಯವರನ್ನು ಕೇಳಿತು. ಅವರು ಅದಕ್ಕೆ ಕೊಟ್ಟ ಉತ್ತರವನ್ನು ಬರೆಯುವಂತಿಲ್ಲ.

ಒಪ್ಪಿಗೆಯ ಸಹಿಯನ್ನು ದೊಡ್ಡವ್ವ ಹಾಕಿದಳು, ನೆಗೆಣ್ಣಿ, ಅಂದರೆ ಓರಗಿತ್ತಿ, ಎಂದು. ಅವ್ವನಿಗೆ ಜನಕೋಶದಲ್ಲಿ ಉಳಿದ ಹತ್ತಿರದ ಸಂಬಂಧ ಅದೊಂದೇ. ನಾನು ಹಿಂದೆ ನಿಂತಿದ್ದೆ.

ಶಸ್ತ್ರಕ್ರಿಯೆ ಮುಗಿದು ಅವ್ವನನ್ನು ನಿಗಾ ಕೋಣೆಗೆ ಹಾಕಿದರು. ಮರುದಿನ ಬೆಳಿಗ್ಗೆ ಬಾಗಿಲಿಗೆ ಬಂದ ನರ್ಸ್, ರೋಗಿ ಕಣ್ಣು ಬಿಟ್ಟಿದ್ದಾರೆ, ಒಬ್ಬರು ಬರಬಹುದು ಎಂದಳು. ನಾನು ಓಡಿಹೋಗಿ ಬಾಗಿಲಿನ ಮುಂದೆ ನಿಂತೆ. ಬಾಗಿಲು ನನ್ನ ಮುಖ ನೋಡಿ, ರೋಗಿಗೂ ನಿಮಗೂ ಹತ್ತಿರದ ಸಂಬಂಧ ಇಲ್ಲ ಎಂದಿತು. ತಯಾರಾಗಿಯೇ ಇದ್ದೆ ಎಂದುಕೊಂಡಿದ್ದೆ, ತಯಾರಾಗಿರಲಿಲ್ಲ.

ದೊಡ್ಡವ್ವ ಹಿಂದಿನಿಂದ ಬಂದಳು. ಅವಳ ಮುಖ ಕಂಡದ್ದೇ ಬಾಗಿಲು ತೆರೆಯಿತು. ನರ್ಸ್ ಅವಳನ್ನು ಒಳಗೆ ಕರೆದಳು. ದೊಡ್ಡವ್ವ ಬಾಗಿಲು ಮುಚ್ಚದಂತೆ ಹೊಸ್ತಿಲಲ್ಲಿ ಒಂದು ಕಾಲಿಟ್ಟು ನಿಂತಳು, ನನ್ನ ಬೆನ್ನಿಗೆ ಕೈ ಹಚ್ಚಿ ಮುಂದೆ ತಳ್ಳಿದಳು.

"ನಾ ಇಲ್ಲೇ ನಿಂದರತೀನಿ," ಎಂದಳು ನರ್ಸಿಗೆ. "ನನ್ನ ಮಗಳನ್ನ ಒಳಗ ಬಿಡವ್ವ. ಅಕಿ ಅವ್ವ ಎದ್ದಾಳ."